ಬೆಂಗಳೂರಿಗೆ 70 ಕಿ.ಮೀ.: ತುಮಕೂರಿಗೆ ದಕ್ಕಿದ್ದೇನು, ತಪ್ಪಿದ್ದೇನು?

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಕನ್ನಡದ ಉಚ್ಚಾರಣೆಗೆ ಮರಳಿದಾಗ ‘ತುಮಕೂರು’ ಎಂಬ ಹೆಸರಿಗೂ ಅಧಿಕೃತ ಮುದ್ರೆ ಬಿದ್ದಿತು. ಅದಾಗಿ ಹನ್ನೊಂದು ವರ್ಷ ತುಂಬುವ ಮೊದಲೇ ಆ ಹೆಸರನ್ನು ಬದಿಗಿಟ್ಟು ಬೆಂಗಳೂರಿನ ಹೆಸರನ್ನೇ ಹೊತ್ತುಕೊಂಡರೆ ಹೇಗೆ ಎಂಬ ಚರ್ಚೆ ಜಿಲ್ಲೆಯಲ್ಲಿ ಹುಟ್ಟಿಕೊಂಡಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟವು ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ತೀರ್ಮಾನಿಸಿತು. ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಂಪುಟ ಸಭೆಯು ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ‘ಬೆಂಗಳೂರು ಉತ್ತರ’ವನ್ನಾಗಿಸುವ ನಿರ್ಣಯ ಕೈಗೊಂಡಿತು. ಇವೆರಡರ ನಡುವೆ ತುಮಕೂರಿನಲ್ಲೂ ಅಂಥದೇ ಮಾತು ಕೇಳಿಬಂತು.

ಹೆಸರು ಬದಲಾಯಿಸಬೇಕೆನ್ನುವವರ ವಾದ ಸರಳವಾದದ್ದು. ಬೆಂಗಳೂರು ಎಂದರೆ ಹೂಡಿಕೆದಾರರು ಬರುತ್ತಾರೆ, ಭೂಮಿಗೆ ಬೆಲೆ ಬರುತ್ತದೆ, ಯುವಕರಿಗೆ ಉದ್ಯೋಗ ಸಿಗುತ್ತದೆ. ಆದರೆ ಪ್ರಶ್ನೆ ಇರುವುದು ಹೆಸರಿನಲ್ಲಿ ಅಲ್ಲ. ಮಹಾನಗರವೊಂದರ ಪಕ್ಕದಲ್ಲಿರುವ ಸಣ್ಣ ನಗರಕ್ಕೆ ಆ ಸಾಮೀಪ್ಯದಿಂದ ನಿಜವಾಗಿ ಆಗುವುದು ಲಾಭವೋ ನಷ್ಟವೋ ಎಂಬುದೇ ಮುಖ್ಯ. ಈ ಲೆಕ್ಕವನ್ನು ಹಾಕಲು ತುಮಕೂರಿಗಿಂತ ಉತ್ತಮ ಉದಾಹರಣೆ ಕರ್ನಾಟಕದಲ್ಲಿ ಬೇರೆ ಸಿಗಲಾರದು.

ದೂರ ಕಡಿಮೆ, ಪ್ರಯಾಣ ದೀರ್ಘ

ನಕ್ಷೆಯ ಮೇಲೆ ತುಮಕೂರಿಗೂ ರಾಜಧಾನಿಗೂ ಇರುವ ಅಂತರ ಸುಮಾರು 70 ಕಿಲೋಮೀಟರ್. ಪುಣೆ, ಮುಂಬಯಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ ಊರ ಮಗ್ಗುಲಲ್ಲೇ ಹಾದುಹೋಗುತ್ತದೆ. ಶಿವಮೊಗ್ಗದ ಕಡೆಗೆ ದಾರಿ ಕವಲೊಡೆಯುವುದೂ ಇಲ್ಲಿಯೇ. ವೇಗದ ರೈಲುಗಳು ಸುಮಾರು ಒಂದು ಗಂಟೆಯಲ್ಲಿ ಬೆಂಗಳೂರು ತಲುಪುತ್ತವೆ. ಹೀಗಾಗಿ ಬೆಂಗಳೂರಿನಲ್ಲಿ ದುಡಿದು ತುಮಕೂರಿನಲ್ಲಿ ಬದುಕುವ ಒಂದು ದೊಡ್ಡ ವರ್ಗವೇ ಸೃಷ್ಟಿಯಾಗಿದೆ. ಬೆಳಗಾಗುವ ಮುನ್ನವೇ ರೈಲು ನಿಲ್ದಾಣದಲ್ಲಿ ಸೀಸನ್ ಟಿಕೆಟ್ ಹಿಡಿದು ನಿಲ್ಲುವ ನೌಕರರು, ಗಾರ್ಮೆಂಟ್ಸ್ ಕಾರ್ಮಿಕರು, ವಿದ್ಯಾರ್ಥಿಗಳು, ನರ್ಸ್‌ಗಳು ಈ ವರ್ಗಕ್ಕೆ ಸೇರಿದವರು.

ಇವರು ಊರು ಬಿಡದಿರಲು ಕಾರಣಗಳು ಸ್ಪಷ್ಟ. ಸ್ವಂತ ಮನೆಯಿದೆ, ಇಲ್ಲವೇ ಬೆಂಗಳೂರಿಗಿಂತ ಬಹಳ ಕಡಿಮೆ ಬಾಡಿಗೆಗೆ ಮನೆ ಸಿಗುತ್ತದೆ. ವೃದ್ಧ ತಂದೆತಾಯಿಗಳು ಇಲ್ಲಿದ್ದಾರೆ. ಹಳ್ಳಿಯ ತೋಟ, ಜಮೀನು ಅರ್ಧ ಗಂಟೆಯ ದಾರಿಯಲ್ಲಿದೆ. ಆದರೆ ಈ ಉಳಿತಾಯಕ್ಕೆ ತೆರುವ ಬೆಲೆ ಸಮಯದ್ದು. ಮನೆಯಿಂದ ಕಚೇರಿಗೆ ಎರಡು ಗಂಟೆ, ಕಚೇರಿಯಿಂದ ಮನೆಗೆ ಎರಡು ಗಂಟೆ ಎಂದು ಹಿಡಿದರೂ ತಿಂಗಳಿಗೆ 25 ದಿನ ಪ್ರಯಾಣಿಸುವವನು 100 ಗಂಟೆಗಳನ್ನು ದಾರಿಯಲ್ಲೇ ಕಳೆಯುತ್ತಾನೆ. ಅಂದರೆ ಪ್ರತಿ ತಿಂಗಳೂ ನಾಲ್ಕು ಹಗಲು, ನಾಲ್ಕು ರಾತ್ರಿಗಳಿಗೂ ಮಿಕ್ಕಿದ ಕಾಲ.

ಈ ಬದುಕು ಎಷ್ಟು ನಾಜೂಕಾದದ್ದು ಎಂಬುದಕ್ಕೆ ಪೀಣ್ಯ ಮೇಲ್ಸೇತುವೆಯ ಪ್ರಕರಣವೇ ಸಾಕ್ಷಿ. ಕೇಬಲ್‌ಗಳಲ್ಲಿ ದೋಷ ಕಂಡುಬಂದ ಕಾರಣ 2021ರ ಡಿಸೆಂಬರ್ 25ರಂದು ಸೇತುವೆಯನ್ನು ಮುಚ್ಚಲಾಯಿತು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಅವಕಾಶ ದೊರೆತರೂ ಬಸ್, ಲಾರಿಗಳು ಮತ್ತೆ ಅದರ ಮೇಲೇರಿದ್ದು 2024ರ ಜುಲೈ ಅಂತ್ಯದಲ್ಲಿ. ಎರಡೂವರೆ ವರ್ಷ ಕಾಲ ತುಮಕೂರಿನ ಬಸ್ ಪ್ರಯಾಣಿಕ ಗೊರಗುಂಟೆಪಾಳ್ಯದ ದಟ್ಟಣೆಯಲ್ಲಿ ಸಿಲುಕಿ ಕೂರಬೇಕಾಯಿತು. ಬೆಂಗಳೂರಿನ ಒಂದು ಸೇತುವೆ ಕೆಟ್ಟರೆ ತುಮಕೂರಿನ ಸಾವಿರಾರು ಮನೆಗಳ ದಿನಚರಿ ಕೆಡುತ್ತದೆ. ಆದರೆ ಆ ಸೇತುವೆಯ ಬಗ್ಗೆ ತೀರ್ಮಾನ ಕೈಗೊಳ್ಳುವಾಗ ತುಮಕೂರಿನವರ ಮಾತಿಗೆ ಜಾಗವಿರುವುದಿಲ್ಲ.

ಹತ್ತಿರವೆಂಬ ನೆಪ

ಸಣ್ಣ ನಗರದ ನಿಜವಾದ ಕಷ್ಟ ಇಲ್ಲಿಂದ ಆರಂಭವಾಗುತ್ತದೆ. ‘ಬೆಂಗಳೂರು ಹತ್ತಿರವೇ ಇದೆಯಲ್ಲ’ ಎಂಬ ಮಾತು ಒಮ್ಮೆ ವರವಾಗಿ, ಮತ್ತೊಮ್ಮೆ ಶಾಪವಾಗಿ ಕೆಲಸ ಮಾಡುತ್ತದೆ. ಕೈಗಾರಿಕೆ ತರುವಾಗ ಅದು ವರ. ವಸಂತನರಸಾಪುರದಲ್ಲಿ ಬೃಹತ್ ಕೈಗಾರಿಕಾ ಪ್ರದೇಶ ತಲೆಯೆತ್ತಿದ್ದು, 2014ರಲ್ಲಿ ಅಲ್ಲಿ ಆಹಾರ ಪಾರ್ಕ್ ಆರಂಭವಾದದ್ದು, ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನಲ್ಲಿ ತುಮಕೂರಿಗೆ ಸ್ಥಾನ ದೊರೆತದ್ದು, ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆ ವಿಸ್ತಾರದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡದ್ದು, ಇವೆಲ್ಲಕ್ಕೂ ರಾಜಧಾನಿಯ ಸಾಮೀಪ್ಯವೇ ಬಲ.

ಆದರೆ ನಾಗರಿಕ ಸೌಲಭ್ಯದ ಪ್ರಶ್ನೆ ಬಂದಾಗ ಅದೇ ಮಾತು ನೆಪವಾಗುತ್ತದೆ. ಹೃದ್ರೋಗಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ನರರೋಗಕ್ಕೆ ನಿಮ್ಹಾನ್ಸ್ ಇವೆ. ಅವು ಇರುವುದು ಬೆಂಗಳೂರಿನಲ್ಲಿ. ಹುಬ್ಬಳ್ಳಿಗೋ ಕಲಬುರಗಿಗೋ ದೊಡ್ಡ ಆಸ್ಪತ್ರೆ ಬೇಕೆಂದರೆ ದೂರದ ಕಾರಣ ಕೊಡಬಹುದು. ತುಮಕೂರಿಗೆ ಆ ಕಾರಣವೂ ಇಲ್ಲ. ಆಂಬುಲೆನ್ಸ್‌ನಲ್ಲಿ ಕರೆದೊಯ್ಯುವ ರೋಗಿಗೆ ಮಾತ್ರ ನೆಲಮಂಗಲದಿಂದ ಆಚೆಗಿನ ಹತ್ತು ಕಿಲೋಮೀಟರ್ ಉಳಿದ ಅರವತ್ತಕ್ಕಿಂತ ದೀರ್ಘವಾಗಿ ತೋರುತ್ತದೆ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ತುಮಕೂರಿನಲ್ಲಿ ಹುದ್ದೆ ಪಡೆದ ಅಧಿಕಾರಿಗಳು, ಅಧ್ಯಾಪಕರು, ವೈದ್ಯರಲ್ಲಿ ಹಲವರು ಬೆಂಗಳೂರಿನಲ್ಲಿ ಮನೆ ಮಾಡಿಕೊಂಡು ನಿತ್ಯ ಬಂದುಹೋಗುತ್ತಾರೆ. ಮಕ್ಕಳ ಶಾಲೆ, ಸಂಗಾತಿಯ ನೌಕರಿಯ ಕಾರಣ ಇದು ಸಹಜವೂ ಹೌದು. ಆದರೆ ಸಂಜೆ ಐದೂವರೆಗೆ ಊರು ಬಿಡುವವರಿಗೆ ಆ ಊರಿನ ಬೀದಿದೀಪ, ನಲ್ಲಿ ನೀರು, ಸಂಜೆಯ ರಂಗಪ್ರಯೋಗ ಇವು ಯಾವುವೂ ತಮ್ಮವಾಗುವುದಿಲ್ಲ. ಊರನ್ನು ಆಳುವವರೂ ಊರಿನಲ್ಲಿ ಕಲಿಸುವವರೂ ಊರಿನ ನಿವಾಸಿಗಳಾಗದೆ ಹೋದರೆ ದೂರು ಹೇಳಿಕೊಳ್ಳುವುದಾದರೂ ಯಾರ ಬಳಿ?

ಎಚ್‌ಎಂಟಿ ಕಲಿಸಿದ ಪಾಠ

ತುಮಕೂರು ಎಂದೂ ಬೆಂಗಳೂರಿನ ಮಲಗುವ ಕೋಣೆಯಷ್ಟೇ ಆಗಿರಲಿಲ್ಲ. ಎಚ್‌ಎಂಟಿ ಗಡಿಯಾರ ಕಾರ್ಖಾನೆ ಈ ಊರಿಗೆ ಸ್ಥಿರ ಸಂಬಳದ, ಇಲ್ಲಿಯೇ ನೆಲೆ ನಿಲ್ಲುವ ಮಧ್ಯಮ ವರ್ಗವೊಂದನ್ನು ಕೊಟ್ಟಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿದಾಗ ಆ ಅಧ್ಯಾಯ ಮುಗಿಯಿತು. ಮುಂದೆ ಕಾರ್ಖಾನೆಯ ಭೂಮಿ ಇಸ್ರೋಗೆ ಹೋಯಿತು. ಊರೊಳಗಿನ ಉದ್ಯೋಗ ಮತ್ತು ಊರಾಚೆಯ ಉದ್ಯೋಗದ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಊರಲ್ಲೇ ದುಡಿದವನ ಸಂಬಳ ಊರಿನ ಅಂಗಡಿ, ಹೋಟೆಲು, ಚಿತ್ರಮಂದಿರಗಳಲ್ಲಿ ಸುತ್ತುತ್ತದೆ. ದಿನವೂ ರಾಜಧಾನಿಗೆ ಹೋಗುವವನು ಸಂಜೆಯ ತರಕಾರಿಯನ್ನೂ ಯಶವಂತಪುರದಲ್ಲೇ ಕೊಂಡು ರೈಲು ಹತ್ತುತ್ತಾನೆ.

ಇನ್ನೊಂದೆಡೆ, ತುಮಕೂರು ಸ್ವತಃ ಒಂದು ಕೇಂದ್ರ. ಹತ್ತು ತಾಲ್ಲೂಕುಗಳ ಜಿಲ್ಲೆಗೆ ಅದೇ ರಾಜಧಾನಿ. ಸಿದ್ಧಗಂಗಾ ಮಠದ ವಿದ್ಯಾರ್ಥಿನಿಲಯಗಳಿಗೆ ರಾಜ್ಯದ ನಾನಾ ಭಾಗಗಳಿಂದ ಬಡ ಮಕ್ಕಳು ಬರುತ್ತಾರೆ. ಅವರಿಗೆ ತುಮಕೂರೇ ಗಮ್ಯ, ದಾರಿಯ ನಿಲ್ದಾಣವಲ್ಲ. 2004ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯ ಬಂದದ್ದೂ ಈ ಸ್ಥಾನಮಾನದ ಕಾರಣಕ್ಕೆ. ಬೆಂಗಳೂರಿನ ವಾರಾಂತ್ಯದ ಪ್ರವಾಸಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೂ ದೇವರಾಯನದುರ್ಗಕ್ಕೂ ತುಮಕೂರನ್ನು ಸೀಮಿತಗೊಳಿಸಿರಬಹುದು. ಪಾವಗಡದ ರೈತನಿಗೆ ಮಾತ್ರ ಅದು ಜಿಲ್ಲಾಧಿಕಾರಿ ಕಚೇರಿ, ನ್ಯಾಯಾಲಯ, ಮಗಳ ಕಾಲೇಜು. ಆಂಧ್ರದ ಗಡಿಯೊಳಗೆ ಚಾಚಿಕೊಂಡಿರುವ ಪಾವಗಡವನ್ನು ಬೆಂಗಳೂರಿನ ಯಾವ ದಿಕ್ಕೆಂದು ಕರೆಯುವುದು?

ಮೆಟ್ರೋ ಬೇಕೋ, ರೈಲು ಸಾಕೋ?

2024ರ ರಾಜ್ಯ ಬಜೆಟ್‌ನಲ್ಲಿ ನಮ್ಮ ಮೆಟ್ರೋವನ್ನು ತುಮಕೂರಿನವರೆಗೆ ವಿಸ್ತರಿಸುವ ಸಾಧ್ಯತೆಯ ಅಧ್ಯಯನ ಘೋಷಣೆಯಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಹಸಿರು ಮಾರ್ಗ ಮಾದಾವರ ತಲುಪಿದ ಮೇಲೆ ಆಸೆ ಇನ್ನಷ್ಟು ಚಿಗುರಿತು. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ನಿಲ್ದಾಣಗಳಲ್ಲಿ ನಿಂತು ಸಾಗುವ ಮೆಟ್ರೋದ ಸರಾಸರಿ ವೇಗ ಗಂಟೆಗೆ 35 ಕಿ.ಮೀ. ಆಸುಪಾಸಿನದು. ಮಾದಾವರದಿಂದ ತುಮಕೂರಿಗೆ 50 ಕಿ.ಮೀ.ಗೂ ಹೆಚ್ಚು ದೂರವಿದೆ. ನಿಲ್ದಾಣಗಳ ಸಂಖ್ಯೆ ಕಡಿಮೆ ಮಾಡಿ ವೇಗ ಹೆಚ್ಚಿಸಿದರೂ ಮೆಜೆಸ್ಟಿಕ್ ತಲುಪುವ ಹೊತ್ತಿಗೆ ಇಂದಿನ ರೈಲಿಗಿಂತ ತಡವಾಗುವ ಸಂಭವವೇ ಹೆಚ್ಚು.

ಹಾಗಿದ್ದರೆ ಇರುವ ರೈಲು ಹಳಿಯನ್ನೇ ಏಕೆ ಬಲಪಡಿಸಬಾರದು? 2020ರಲ್ಲಿ ಒಪ್ಪಿಗೆ ಪಡೆದ 148 ಕಿ.ಮೀ. ಉದ್ದದ ಬೆಂಗಳೂರು ಉಪನಗರ ರೈಲು ಯೋಜನೆಯ ಒಂದು ಮಾರ್ಗ ತುಮಕೂರಿನ ದಿಕ್ಕಿನಲ್ಲೇ ಬರುತ್ತದೆ. ಆದರೆ ಚಿಕ್ಕಬಾಣಾವರದಲ್ಲಿ ನಿಂತುಬಿಡುತ್ತದೆ. 2023ರ ಜೂನ್‌ನಲ್ಲಿ ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲಿಗೆ ಮೊದಲಿಗೆ ತುಮಕೂರಿನಲ್ಲಿ ನಿಲುಗಡೆಯೇ ಇರಲಿಲ್ಲ. ಅದು ದೊರೆತದ್ದು 2024ರ ಆಗಸ್ಟ್‌ನಲ್ಲಿ. ಬೆಳಿಗ್ಗೆ ಮತ್ತು ಸಂಜೆ ನಿಶ್ಚಿತ ವೇಳೆಗೆ, ಅರ್ಧ ಗಂಟೆಗೊಂದರಂತೆ ಓಡುವ ಸಾಮಾನ್ಯ ದರದ ರೈಲುಗಳು ದೊರೆತರೆ ನಿತ್ಯ ಪ್ರಯಾಣಿಕನ ಬಹುಪಾಲು ಬವಣೆ ನೀಗುತ್ತದೆ. ಅದಕ್ಕೆ ಉದ್ಘಾಟನೆಯ ವೈಭವವಿಲ್ಲ ಎಂಬುದಷ್ಟೇ ಕೊರತೆ.

ನೀರಿನ ಪಾಲು

ಸಾಮೀಪ್ಯದ ಅತ್ಯಂತ ಕಠಿಣ ಪ್ರಶ್ನೆ ನೀರಿನದು. ತುಮಕೂರು ನಗರ ಕುಡಿಯುವುದು ಗೊರೂರು ಜಲಾಶಯದಿಂದ ನಾಲೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆ ಸೇರುವ ಹೇಮಾವತಿ ನೀರನ್ನು. ಅದೇ ನಾಲೆಯ ನೀರನ್ನು ಎಕ್ಸ್‌ಪ್ರೆಸ್ ಕಾಲುವೆಯ ಮೂಲಕ ನೇರವಾಗಿ ಕುಣಿಗಲ್‌ನತ್ತ ಒಯ್ಯುವ ಯೋಜನೆಯ ವಿರುದ್ಧ 2024 ಮತ್ತು 2025ರಲ್ಲಿ ಜಿಲ್ಲೆಯ ರೈತರು ಬೀದಿಗಿಳಿದರು. ಕಾಲುವೆ ಮುಂದೆ ಮಾಗಡಿಯವರೆಗೂ ಹೋಗಲಿದೆ, ತಮ್ಮ ಪಾಲಿಗೆ ಕತ್ತರಿ ಬೀಳಲಿದೆ ಎಂಬುದು ಅವರ ಆತಂಕ. ತಮ್ಮ ಪಾಲಿನ ನೀರು ಇದುವರೆಗೆ ಪೂರ್ಣವಾಗಿ ತಲುಪಿಯೇ ಇಲ್ಲ ಎಂಬುದು ಕುಣಿಗಲ್‌ನವರ ದೂರು. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಆದರೆ ಇರುವ ನೀರನ್ನೇ ಹಂಚಬೇಕಾದ ಕಡೆ ಹೊಸ ಕಾರ್ಖಾನೆ, ಹೊಸ ಬಡಾವಣೆ, ಹೊಸ ನಗರಗಳ ಬೇಡಿಕೆಯನ್ನೂ ಸೇರಿಸುತ್ತ ಹೋದರೆ ಮೊದಲು ಒಣಗುವುದು ನಾಲೆಯ ಕೊನೆಯ ಊರು.

ಮಹಾನಗರದ ನೆರೆಹೊರೆ ತಪ್ಪಿಸಿಕೊಳ್ಳಲಾಗದ ವಾಸ್ತವ. ತುಮಕೂರು ಅದನ್ನು ನಿರಾಕರಿಸಬೇಕಾಗಿಯೂ ಇಲ್ಲ. ಆದರೆ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳ ಪಟ್ಟಿ ಬದಲಾಗಬೇಕಿದೆ: ವೇಳೆಗೆ ಸರಿಯಾಗಿ ಓಡುವ ರೈಲು, ತುರ್ತು ಚಿಕಿತ್ಸೆ ಇಲ್ಲಿಯೇ ದೊರೆಯುವ ಆಸ್ಪತ್ರೆ, ಸ್ಥಳೀಯರಿಗೆ ಕೆಲಸ ನೀಡುವ ಕಾರ್ಖಾನೆ, ನೀರಿನ ಹಂಚಿಕೆಯಲ್ಲಿ ಲಿಖಿತ ಖಾತರಿ, ಕೇಂದ್ರಸ್ಥಾನದಲ್ಲೇ ವಾಸಿಸುವ ಅಧಿಕಾರಿ. ಇವು ದೊರೆತರೆ ಊರಿಗೆ ಬೆಂಗಳೂರಿನ ಹೆಸರು ಬೇಕಾಗುವುದಿಲ್ಲ. ಇವು ದೊರೆಯದಿದ್ದರೆ, ಫಲಕದ ಮೇಲೆ ಏನೇ ಬರೆದರೂ ಬೆಳಗಿನ ಜಾವದ ರೈಲಿಗೆ ಓಡುವವರ ಸಂಖ್ಯೆ ಕಡಿಮೆಯಾಗುವುದಿಲ್ಲ.