ಕನ್ನಡಿಗಳ ನಡುವಿನ ರಸಾಯನ: ಭರವಸೆಯ ಜೊತೆಗೇ ಬೆಳೆದ ಸಂಶಯ

ರಾಸಾಯನಿಕ ಕ್ರಿಯೆಯೊಂದರ ವೇಗವನ್ನು ಬದಲಿಸಲು ಮನುಷ್ಯನ ಕೈಯಲ್ಲಿರುವ ಉಪಾಯಗಳು ಕೆಲವೇ: ಕಾಯಿಸುವುದು, ಒತ್ತಡ ಹೇರುವುದು, ಕ್ರಿಯಾವರ್ಧಕ ಬೆರೆಸುವುದು, ಬೆಳಕು ಹಾಯಿಸುವುದು. ಈ ಪಟ್ಟಿಗೆ ಇನ್ನೊಂದು ಸೇರಬಹುದೇ ಎಂಬ ಪ್ರಶ್ನೆ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ವಿಜ್ಞಾನ ವಲಯವನ್ನು ಕಾಡುತ್ತಿದೆ. ಆ ಹೊಸ ಉಪಾಯ ಕೇಳಲು ವಿಚಿತ್ರವಾದುದು. ಕೆಲವೇ ಮೈಕ್ರೋಮೀಟರ್ ಅಂತರದಲ್ಲಿ ಎದುರುಬದುರಾಗಿ ನಿಲ್ಲಿಸಿದ ಎರಡು ಕನ್ನಡಿಗಳ ನಡುವೆ ದ್ರಾವಣವನ್ನು ತುಂಬಿ, ಕತ್ತಲಲ್ಲಿಯೇ ಬಿಟ್ಟುಬಿಡುವುದು!

ಇದು ನಿಜವಾದಲ್ಲಿ, ಶಾಖವನ್ನಾಗಲಿ ದುಬಾರಿ ಲೋಹಗಳನ್ನಾಗಲಿ ಬಳಸದೆ ಅಣುವಿನ ಯಾವ ಬಂಧ ಮುರಿಯಬೇಕೆಂದು ನಿರ್ಧರಿಸುವ ಶಕ್ತಿ ಔಷಧ ಹಾಗೂ ರಾಸಾಯನಿಕ ಉದ್ಯಮಗಳಿಗೆ ದೊರೆಯಬಹುದು. ಸುಳ್ಳಾದಲ್ಲಿ, ಹಲವು ದೇಶಗಳ ಹಣ ಮತ್ತು ಯುವ ಸಂಶೋಧಕರ ಅಮೂಲ್ಯ ವರ್ಷಗಳು ವ್ಯರ್ಥವಾದಂತೆ. ಆದುದರಿಂದ ಈ ವಿವಾದವನ್ನು ಕೇವಲ ಪಂಡಿತರ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ.

ಕತ್ತಲಲ್ಲೂ ಕಂಪನ

ಕ್ವಾಂಟಂ ಸಿದ್ಧಾಂತದ ಪ್ರಕಾರ ಸಂಪೂರ್ಣ ಕತ್ತಲಲ್ಲಿಯೂ ವಿದ್ಯುತ್ಕಾಂತೀಯ ಕ್ಷೇತ್ರ ಶೂನ್ಯವಾಗುವುದಿಲ್ಲ; ಅದರ ಕನಿಷ್ಠ ಕಂಪನ ಉಳಿದೇ ಇರುತ್ತದೆ. ತಂಬೂರಿಯ ತಂತಿಯ ಉದ್ದ ಶ್ರುತಿಯನ್ನು ನಿರ್ಧರಿಸುವಂತೆ, ಕನ್ನಡಿಗಳ ಅಂತರವು ಅವುಗಳ ನಡುವೆ ನೆಲೆಸಬಲ್ಲ ಆವೃತ್ತಿಯನ್ನು ನಿರ್ಧರಿಸುತ್ತದೆ. ಅಣುವಿನ ಬಂಧಗಳೂ ಅವಕೆಂಪು ಬೆಳಕಿನ ಆವೃತ್ತಿಯಲ್ಲಿ ಕಂಪಿಸುತ್ತಿರುತ್ತವೆ. ಇವೆರಡರ ಶ್ರುತಿ ಕೂಡಿ, ಶಕ್ತಿಯು ಸೋರಿಹೋಗುವ ಮೊದಲೇ ಪರಸ್ಪರ ವಿನಿಮಯಗೊಳ್ಳತೊಡಗಿದರೆ ಬೆಳಕು ಮತ್ತು ದ್ರವ್ಯ ಬೆರೆತ ಮಿಶ್ರ ಸ್ಥಿತಿಗಳು ಹುಟ್ಟುತ್ತವೆ. ಇವೇ ಪೋಲಾರಿಟಾನ್‌ಗಳು. ರೋಹಿತದಲ್ಲಿ ಒಂದಾಗಿದ್ದ ಹೀರಿಕೆಯ ಶಿಖರ ಎರಡಾಗಿ ಸೀಳುವುದೇ ಇದರ ಗುರುತು. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ. ಈ ಸೀಳು ರಾಸಾಯನಿಕ ಕ್ರಿಯೆಯನ್ನು ಬದಲಿಸುತ್ತದೆಯೇ ಎಂಬಲ್ಲಿಂದ ವಿವಾದ ಆರಂಭ.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ಥಾಮಸ್ ಎಬ್ಬೆಸೆನ್ ತಂಡ 2012ರಲ್ಲಿ, ಬೆಳಕಿನಿಂದ ರೂಪ ಬದಲಿಸುವ ಅಣುವೊಂದರ ಕ್ರಿಯೆ ಕನ್ನಡಿಗಳ ನಡುವೆ ನಿಧಾನವಾಗುವುದೆಂದು ವರದಿ ಮಾಡಿತು. 2016ರಲ್ಲಿ ಅದೇ ತಂಡ ಸಿಲಿಕಾನ್-ಇಂಗಾಲ ಬಂಧ ಮುರಿಯುವ ಕ್ರಿಯೆಯ ವೇಗ 5.5 ಪಟ್ಟಿನವರೆಗೆ ಕುಗ್ಗಿತೆಂದು ತಿಳಿಸಿತು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಮುಂದೆ ಹೋಯಿತು: ಮುರಿಯಬಲ್ಲ ಎರಡು ತಾಣಗಳಿರುವ ಅಣುವಿನಲ್ಲಿ ಒಂದರ ಬದಲು ಇನ್ನೊಂದು ಹೆಚ್ಚು ಮುರಿಯುವಂತೆ ಮಾಡಬಹುದು ಎಂಬುದು ಅದರ ಸಾರ.

ಪ್ರತಿ ಪ್ರಯೋಗಗಳ ಪೆಟ್ಟು

ಸಿದ್ಧಾಂತಿಗಳು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಕನ್ನಡಿಗಳ ನಡುವಿನ ಬೆಳಕಿನ ಒಂದು ಅಲೆಯೊಡನೆ ಕೂಡುವುದು ಒಂದೆರಡು ಅಣುಗಳಲ್ಲ, ಲಕ್ಷಗಟ್ಟಲೆ, ಕೋಟಿಗಟ್ಟಲೆ. ಸೀಳು ದೊಡ್ಡದಾಗಿ ಕಾಣುವುದು ಈ ಸಮೂಹಬಲದಿಂದ. ಆದರೆ ಬಂಧ ಮುರಿಯುವುದು ಒಂದೊಂದೇ ಅಣುವಿನಲ್ಲಿ. ಅದರ ಪಾಲಿಗೆ ಬರುವ ಪ್ರಭಾವ ಅತ್ಯಲ್ಪ. ಮೇಲಾಗಿ ಉಂಟಾಗುವ ಸ್ಥಿತಿಗಳಲ್ಲಿ ಎರಡು ಮಾತ್ರ ಪೋಲಾರಿಟಾನ್. ಉಳಿದವೆಲ್ಲ ಬೆಳಕಿನ ಗೊಡವೆಯಿಲ್ಲದ ‘ಕತ್ತಲ ಸ್ಥಿತಿ’ಗಳು. ಹೀಗಿರುವಾಗ ವೇಗ ಹಲವು ಪಟ್ಟು ಬದಲಾಗುವುದು ಹೇಗೆ ಎಂಬ ಪ್ರಶ್ನೆಗೆ ಸರ್ವಸಮ್ಮತ ಉತ್ತರ ಇನ್ನೂ ದೊರೆತಿಲ್ಲ.

ಪ್ರಯೋಗಶಾಲೆಯಿಂದಲೂ ಆಕ್ಷೇಪ ಬಂದಿತು. ಕ್ರಿಯೆ ತೀವ್ರಗೊಳ್ಳುತ್ತದೆಂದು ವರದಿಯಾಗಿದ್ದ ಎರಡು ಪ್ರಕರಣಗಳನ್ನು 2021ರಲ್ಲಿ ಅಮೆರಿಕದ ಎರಡು ತಂಡಗಳು ಪ್ರತ್ಯೇಕವಾಗಿ ಮರುಪರೀಕ್ಷಿಸಿದವು. ಹೇಳಲಾದ ವೇಗವೃದ್ಧಿ ಎರಡೂ ಕಡೆ ಕಾಣಲಿಲ್ಲ. ಹಾಗೆಂದು ಅಧ್ಯಾಯ ಮುಗಿಯಲಿಲ್ಲ. 2023ರಲ್ಲಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ತಂಡ, ಯುರಿಥೇನ್ ಉಂಟಾಗುವ ಕ್ರಿಯೆ ಕನ್ನಡಿಗಳ ನಡುವೆ ನಿಧಾನಗೊಳ್ಳುವುದನ್ನು ‘ಸೈನ್ಸ್’ನಲ್ಲಿ ವರದಿ ಮಾಡಿತು. ಸ್ಟ್ರಾಸ್‌ಬರ್ಗಿನ ವಲಯದ ಹೊರಗಿನಿಂದ ಬಂದ ಈ ಸಾಕ್ಷ್ಯಕ್ಕೆ ಸಹಜವಾಗಿಯೇ ಹೆಚ್ಚಿನ ತೂಕವಿದೆ. ಇನ್ನೊಂದೆಡೆ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ ಅತಿವೇಗದ ಕ್ರಿಯೆಯೊಂದನ್ನು ಪರೀಕ್ಷಿಸಿ, ಗಣನೀಯ ಬದಲಾವಣೆ ಇಲ್ಲವೆಂದು 2024ರಲ್ಲಿ ಪ್ರಕಟಿಸಿತು.

ಇಷ್ಟು ಗೊಂದಲಕ್ಕೆ ಕಾರಣ ಅಳತೆಯ ಕಷ್ಟವೇ ಇರಬಹುದು. ಕೂದಲೆಳೆಗಿಂತ ತೆಳುವಾದ ದ್ರವದ ಪದರದಲ್ಲಿ ಕನ್ನಡಿಗಳ ಅಂತರ ಒಂದಿಷ್ಟು ಜಾರಿದರೂ ಶ್ರುತಿ ತಪ್ಪುತ್ತದೆ. ತಾಪದ ಏರುಪೇರು ವೇಗವನ್ನು ಬದಲಿಸುತ್ತದೆ. ರೋಹಿತವನ್ನು ಓದುವ ಬೆಳಕೇ ಕನ್ನಡಿಗಳ ನಡುವೆ ಪ್ರತಿಫಲಿಸಿ ಲೆಕ್ಕವನ್ನು ದಾರಿತಪ್ಪಿಸಬಲ್ಲದು. ಆದ್ದರಿಂದ ಮರುಪ್ರಯೋಗದ ಸೋಲನ್ನು ವಂಚನೆಯೆಂದು ಕರೆಯುವುದು ಅನ್ಯಾಯ. ಮೂಲ ವರದಿಯನ್ನೇ ವೇದವಾಕ್ಯವೆಂದು ನಂಬುವುದೂ ಅಷ್ಟೇ ಅವಿವೇಕ.

ಭಾರತದ ಹೊಣೆ

ಭಾರತ ಇಲ್ಲಿ ಬರಿಯ ಪ್ರೇಕ್ಷಕನಲ್ಲ. 2016ರ ಪ್ರಬಂಧದ ಲೇಖಕರಲ್ಲಿದ್ದ ಜಿನೋ ಜಾರ್ಜ್ ಅನಂತರ ಮೊಹಾಲಿಯ ಐಸರ್‌ನಲ್ಲಿಯೂ, ಅನೂಪ್ ಥಾಮಸ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ವಿಷಯದ ಸಂಶೋಧನೆಯನ್ನು ಮುಂದುವರಿಸಿದ್ದಾರೆ. 2021ರಲ್ಲಿ ಮರುಪರೀಕ್ಷೆಗೆ ಒಳಗಾದ ಒಂದು ವರದಿ ಮೊಹಾಲಿಯ ತಂಡದ್ದೇ ಎಂಬುದು ಗಮನಾರ್ಹ.

ಈ ಹಿನ್ನೆಲೆಯಲ್ಲಿ ನಮ್ಮ ಸಂಸ್ಥೆಗಳು ಹೊಸ ಪ್ರಯೋಗಗಳಿಗೆ ನೀಡುವಷ್ಟೇ ಮಹತ್ವವನ್ನು ಹಳೆಯದರ ಪುನರ್‌ಪರೀಕ್ಷೆಗೂ ನೀಡಬೇಕು. ಒಂದೇ ಬಗೆಯ ಉಪಕರಣ ಹಾಗೂ ವಿಧಾನದಿಂದ ಹಲವು ಪ್ರಯೋಗಾಲಯಗಳು ಒಂದೇ ಕ್ರಿಯೆಯನ್ನು ಅಳೆದು, ಫಲಿಸಿದ್ದನ್ನೂ ಫಲಿಸದ್ದನ್ನೂ ಪ್ರಕಟಿಸಿದರೆ ಈ ವಿವಾದ ಬಗೆಹರಿಯುವ ದಾರಿ ತೆರೆದೀತು. ಅಂಥ ಕೆಲಸಕ್ಕೆ ಪ್ರಶಸ್ತಿಯಾಗಲಿ ಪದೋನ್ನತಿಯಾಗಲಿ ಸುಲಭವಾಗಿ ಒದಗುವುದಿಲ್ಲ. ಅನುದಾನ ನೀಡುವವರು ಮೊದಲು ಸರಿಪಡಿಸಬೇಕಾದುದು ಇದನ್ನೇ.