ಮೀನಿನ ಪಂದ್ಯವೂ ಊರಕೆರೆಯ ಲೆಕ್ಕವೂ

ಕಾಳಿ ನದಿಯ ದಂಡೆಯಲ್ಲಿರುವ ಗಣೇಶಗುಡಿಯು ಈಗ ಜಲಕ್ರೀಡೆಯ ಸ್ಥಳವೆಂದು ಹೆಸರಾಗಿದೆ. ರಬ್ಬರಿನ ದೋಣಿಗಳಲ್ಲಿ ಕುಳಿತು ಸೆಳವನ್ನು ಇಳಿಯುವುದಕ್ಕಾಗಿ ದೂರದೂರದಿಂದ ಜನರು ಬರುತ್ತಾರೆ. ಇಂಥಲ್ಲಿ ಗಾಳದಿಂದ ಮೀನು ಹಿಡಿಯುವ ಪಂದ್ಯವನ್ನೂ ಏರ್ಪಡಿಸಿದರೆ ಊರಿಗೆ ನಾಲ್ಕು ಕಾಸು ಬಂದೀತು, ತರುಣರಿಗೆ ಉತ್ಸಾಹ ಉಂಟಾದೀತು ಎಂಬ ವಿಚಾರವು ಹಳ್ಳಿಯ ಪ್ರಮುಖರ ಮನಸ್ಸಿಗೆ ಬರುವುದು ಸಹಜವೇ. ವಿಚಾರವು ಕೆಟ್ಟದ್ದಲ್ಲ. ಆದರೆ ಪಂದ್ಯವನ್ನು ಯಾವ ನೀರಿನಲ್ಲಿ, ಯಾವ ಮೀನಿನ ಮೇಲೆ, ಯಾವ ಕಟ್ಟಳೆಯಿಂದ ನಡೆಯಿಸತಕ್ಕದ್ದೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಒಂದು ದಿನದ ಆಟವು ಹಲವು ವರ್ಷಗಳ ನಷ್ಟಕ್ಕೆ ಕಾರಣವಾಗುವುದು. ಪಂದ್ಯವು ಕಾಳಿಯ ಹರಿನೀರಿನಲ್ಲಿ ಬೇಡ. ಮೀನುಮರಿ ಬಿಟ್ಟು ಬೆಳೆಸಿದ ಊರಕೆರೆಗಳಲ್ಲಿ ಆಗಲಿ ಎಂಬುದೇ ಈ ಲೇಖನದ ಅಭಿಪ್ರಾಯ.

ನದಿಯ ಸಂಗತಿಯನ್ನು ಮೊದಲು ನೋಡತಕ್ಕದ್ದು. ಗಣೇಶಗುಡಿಯ ಬಳಿ 101 ಮೀಟರು ಎತ್ತರದ ಸೂಪಾ ಆಣೆಕಟ್ಟು 1987ರಲ್ಲಿ ಪೂರ್ತಿಯಾಯಿತು. ಹಳೆಯ ಸೂಪಾ ಪೇಟೆಯು ನೀರಿನಡಿ ಸೇರಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಮನುಷ್ಯರು ಬೇರೆ ಊರು ಕಟ್ಟಿಕೊಂಡರು. ಮೀನುಗಳಿಗೆ ಬೇರೆ ನದಿ ದೊರೆಯಲಿಲ್ಲ. ಕಾಳಿಯ ಹಿರಿಯ ಮೀನಾದ ಮಹಶೀರವು ಮಳೆಗಾಲದಲ್ಲಿ ಹೊಸನೀರಿಗೆ ಎದುರಾಗಿ ಮೇಲೇರಿ, ಗರಸು ಹರಡಿದ ಹರಿನೀರಿನಲ್ಲಿ ಮೊಟ್ಟೆಯಿಡುವ ಜಾತಿಯದು. ಅದರ ದಾರಿಯು ಕಟ್ಟೆಯ ಬುಡದಲ್ಲಿಯೇ ಮುಗಿಯುತ್ತದೆ. ಮೇಲಾಗಿ ಕಾಟ್ಲಾ, ರೋಹುಗಳಂತೆ ಅದು ವಿಪುಲವಾಗಿ ಮೊಟ್ಟೆಯಿಡುವುದಿಲ್ಲ. ಅವು ದೇಹದ ಒಂದು ಕಿಲೋ ತೂಕಕ್ಕೆ ಲಕ್ಷಕ್ಕೂ ಮೇಲ್ಪಟ್ಟು ಮೊಟ್ಟೆಯಿಟ್ಟರೆ ಮಹಶೀರವು ಕೆಲವೇ ಸಾವಿರವನ್ನಿಡುತ್ತದೆ. ಹೀಗಿರುವಾಗ ಅತಿ ದೊಡ್ಡ ಮೀನು ಹಿಡಿದವನಿಗೆ ಪಾರಿತೋಷಕವೆಂದು ಸಾರುವುದು, ಕಣಜದ ಬಿತ್ತನೆಯ ಕಾಳನ್ನೇ ಮೊದಲು ಅಳೆದು ಕೊಟ್ಟಂತೆ. ಬೀಜದ ಕಾಳನ್ನು ಉಂಡು ಮುಂದಿನ ವರ್ಷ ಹೊಲಕ್ಕೆ ಹೋದ ಬೇಸಾಯಗಾರನ ಗತಿಯೇನೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ಅಪಾಯವೂ ಉಂಟು. ಸೂಪಾದ 100 ಮೆಗಾವಾಟಿನ ವಿದ್ಯುದಾಗಾರವು ನಡೆಯುವಾಗ ಒಂದು ಮಟ್ಟ, ನಿಂತಾಗ ಒಂದು ಮಟ್ಟ, ಹೀಗೆ ಕೆಳಗಿನ ನದಿಯು ಏರಿಳಿಯುತ್ತದೆ. ಬೆಳಿಗ್ಗೆ ಒಣಗಿದ್ದ ಬಂಡೆಯ ಮೇಲೆ ಕುಳಿತವನು ಸ್ವಲ್ಪ ಹೊತ್ತಿನಲ್ಲಿ ನಾಲ್ಕೂ ಕಡೆ ನೀರು ಕಾಣಬಹುದು. ದಾಂಡೇಲಿಯ ಕಡೆಗೆ ಮೊಸಳೆಗಳು ಪ್ರಸಿದ್ಧವಾಗಿಯೇ ಇವೆ. ಇದಲ್ಲದೆ ಈ ಪ್ರದೇಶದ ಬಹುಭಾಗವು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಗೊತ್ತಾಗಿ, 2015ರಲ್ಲಿ ಕಾಳಿಯ ಹೆಸರನ್ನೇ ಪಡೆಯಿತು. ಅಭಯಾರಣ್ಯದ ಎಲ್ಲೆಯೊಳಗೆ ಅನುಮತಿಯಿಲ್ಲದೆ ಗಾಳ ಹಾಕುವುದು ಅಪರಾಧವು. ಮುಂಡಗೋಡ ತಾಲೂಕಿನ ಅತ್ತಿವೇರಿಯ ಜಲಾಶಯವೂ ಪಕ್ಷಿಧಾಮವಾಗಿರುವುದರಿಂದ ಅಲ್ಲಿಯೂ ಇಂಥ ಆಟಕ್ಕೆ ಎಡೆಯಿಲ್ಲ.

ಕಾವೇರಿಯ ಅನುಭವವು ಇಲ್ಲಿ ಬಹಳ ಬೋಧಪ್ರದವಾಗಿದೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರವನ್ನು ಗಾಳದಿಂದ ಹಿಡಿದರು. ಅಂಥ ಮೀನುಗಳಿದ್ದ ಕಾವೇರಿಗೆ 1970ರ ದಶಕದಿಂದ ಲೋಣಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ಬೆಳೆದ ನೀಲಿ ರೆಕ್ಕೆಯ ಬೇರೊಂದು ಮಹಶೀರದ ಮರಿಗಳನ್ನು ಬಿಡಲಾಯಿತು. ಉದ್ದೇಶವು ಒಳ್ಳೆಯದೇ ಆಗಿತ್ತು. ಆದರೆ ಗಾಳಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರ ವರೆಗೆ ಬರೆದಿಟ್ಟ ದಾಖಲೆಗಳನ್ನು ಮೀನುಶಾಸ್ತ್ರಜ್ಞರು ಪರಿಶೀಲಿಸಿದಾಗ, ಹೊರಗಿನ ಮೀನು ವರ್ಷವರ್ಷಕ್ಕೆ ಹೆಚ್ಚುತ್ತ, ಕಾವೇರಿಯದೇ ಆದ ಡುಬ್ಬುಬೆನ್ನಿನ ಮಹಶೀರವು ಕ್ಷಯಿಸುತ್ತ ಬಂದದ್ದು ಕಂಡುಬಂದಿತು. 2018ರಲ್ಲಿ ಆ ಮೀನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಈ ವೃತ್ತಾಂತದಿಂದ ಎರಡು ಪಾಠಗಳು ದೊರೆಯುತ್ತವೆ. ಪರಸ್ಥಳದ ಮೀನನ್ನು ಹರಿನೀರಿಗೆ ಬಿಡಬಾರದೆಂಬುದು ಒಂದು. ಹಿಡಿದ ಮೀನಿನ ಲೆಕ್ಕವನ್ನು ಶ್ರದ್ಧೆಯಿಂದ ಬರೆದಿಟ್ಟರೆ ನೀರಿನೊಳಗಿನ ಗುಟ್ಟು ಹೊರಬೀಳುವುದೆಂಬುದು ಮತ್ತೊಂದು.

ಮೀನಿನ ಪಂದ್ಯಗಳನ್ನು ದೊಡ್ಡ ಪ್ರಮಾಣದಲ್ಲಿ ನಡೆಯಿಸುವ ಅಮೇರಿಕಾದವರೂ ಪೆಟ್ಟು ತಿಂದೇ ಕಲಿತರು. ಅಲ್ಲಿ ಬ್ಯಾಸ್ ಎಂಬ ಸಿಹಿನೀರಿನ ಬೇಟೆಮೀನಿಗಾಗಿ 1967ರಲ್ಲಿ ರೇ ಸ್ಕಾಟ್ ಎಂಬವರು ಆರ್ಕನ್ಸಾಸ್ ಪ್ರಾಂತದ ಬೀವರ್ ಸರೋವರದಲ್ಲಿ 106 ಜನರ ಪಂದ್ಯವನ್ನು ನಡೆಯಿಸಿದರು. ಪಂದ್ಯಗಳು ಬೆಳೆದಂತೆ ಮೀನು ತೀರಿಹೋಗುವುದೆಂಬ ದೂರು ಎದ್ದುದರಿಂದ, 1972ರಿಂದ ಮೀನನ್ನು ಜೀವಂತ ತೂಗಿ ಮರಳಿ ನೀರಿಗೆ ಬಿಡುವ ಪದ್ಧತಿಯನ್ನು ಅವರೇ ಪ್ರಚಾರಕ್ಕೆ ತಂದರು. ಈ ಪದ್ಧತಿಯು ಅನುಕರಣೀಯವು. ಆ ಮೀನು ಮಾತ್ರ ಬೇಡ. ಜಪಾನಿನವರು 1925ರಲ್ಲಿ ಬ್ಯಾಸ್ ಮೀನನ್ನು ತಮ್ಮ ಸರೋವರವೊಂದಕ್ಕೆ ತಂದು ಬಿಟ್ಟರು. ಅದು ದೇಶದ ನೀರುಗಳಲ್ಲೆಲ್ಲ ಹರಡಿ ಸಣ್ಣ ಮೀನುಗಳನ್ನು ನುಂಗುತ್ತ ಬಂದುದರಿಂದ, 2005ರಲ್ಲಿ ಅದರ ಸಾಗಾಟ ಸಾಕಣೆಗಳನ್ನೇ ಕಾಯಿದೆಯಿಂದ ತಡೆಯಬೇಕಾಯಿತು.

ಇನ್ನು ಹಳಿಯಾಳ, ಮುಂಡಗೋಡಗಳ ಬಯಲಿಗೆ ಬರೋಣವಾಗಲಿ. ಅಲ್ಲಿ ಭತ್ತದ ಗದ್ದೆಗಳಿಗೆ ನೀರುಣಿಸುವ ಕೆರೆಗಳು ಹಲವಿವೆ. ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಕೆರೆಬೇಟೆಯೆಂಬುದು ಬಹುಕಾಲದ ರೂಢಿಯು. ಬೇಸಗೆಯಲ್ಲಿ ನೀರು ಇಳಿದಾಗ ಊರವರೂ ನೆರೆಯೂರವರೂ ಹಣ ಕಟ್ಟಿ, ತಳವಿಲ್ಲದ ಬಿದಿರುಬುಟ್ಟಿಯಂತಿರುವ ಕೂಣಿಗಳನ್ನು ಹಿಡಿದು, ಒಂದೇ ಸೂಚನೆಗೆ ಕೆರೆಗೆ ಇಳಿಯುತ್ತಾರೆ. “ಹಿರಿಯರ ಕೆರೆಬೇಟೆಯಿರುವಾಗ ಗಾಳದ ಪಂದ್ಯವೇಕೆ?” ಎಂದು ಕೆಲವರು ಕೇಳಬಹುದು. ಪ್ರಶ್ನೆಯು ಯುಕ್ತವಾದದ್ದೇ. ಬೇಸಗೆಯಲ್ಲಿ ಬತ್ತಿಹೋಗುವ ಕೆರೆಗೆ ಕೆರೆಬೇಟೆಯೇ ಸರಿ. ಅಲ್ಲಿ ಹಿಡಿಯದೆ ಬಿಟ್ಟ ಮೀನು ಕೆಸರಿನಲ್ಲಿ ಸಾಯುವುದು ಅಥವಾ ಕೊಕ್ಕರೆಯ ಪಾಲಾಗುವುದು. ಅದು ಸುಗ್ಗಿಯೇ ಹೊರತು ಪಂದ್ಯವಲ್ಲ. ಆದರೆ ವರ್ಷವಿಡೀ ನೀರು ನಿಲ್ಲುವ ಕೆರೆಯನ್ನು ಹಾಗೆ ಒಂದೇ ದಿನ ಬರಿದುಮಾಡುವುದು ತಿಳಿಗೇಡಿತನ. ಹಣ ಕಟ್ಟಿದವನಿಗೆ ಮೀನು ಸಿಗದೆ ಹೋದಾಗ ಹುಟ್ಟುವ ಜಗಳಗಳೂ ಊರ ಹಿರಿಯರಿಗೆ ಹೊಸವಲ್ಲ. ಇಂಥ ತುಂಬುಗೆರೆಗೆ ಗಾಳದ ಪಂದ್ಯವೇ ತಕ್ಕದ್ದು.

ಪಂದ್ಯವನ್ನು ಏರ್ಪಡಿಸುವ ಹಿರಿಯರು ಕೆಳಗಿನ ನಿಯಮಗಳನ್ನು ಲಕ್ಷ್ಯದಲ್ಲಿಡತಕ್ಕದ್ದು.

1. ಕೆರೆಯ ಮೀನಿನ ಹಕ್ಕು ಪಂಚಾಯತಿಯದೋ, ಮೀನುಗಾರಿಕೆ ಖಾತೆಯದೋ, ಗುತ್ತಿಗೆ ಪಡೆದ ಸಹಕಾರಿ ಸಂಘದ್ದೋ ಎಂಬುದನ್ನು ಮೊದಲು ವಿಚಾರಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಮೀನುಗಾರ ಕುಟುಂಬಗಳ ಪಾಲನ್ನು ಪ್ರವೇಶದ ಹಣದಿಂದ ಮೊದಲೇ ತೆಗೆದಿಡಬೇಕು. ಅವರ ಅನ್ನದ ಮೇಲೆ ಇತರರ ಆಟ ನಡೆಯಬಾರದು.

2. ಬಿತ್ತದೆ ಬೆಳೆಯಿಲ್ಲ. ಮಳೆಗಾಲದಲ್ಲಿ ಖಾತೆಯ ಸಲಹೆಯಂತೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟ ಕೆರೆಯಲ್ಲಿ ಮಾತ್ರ ಪಂದ್ಯವಿರಬೇಕು. ನಿಷಿದ್ಧವಾದ ಆಫ್ರಿಕನ್ ಕ್ಯಾಟ್‌ಫಿಶ್ ಮೀನನ್ನು ಯಾರೇ ಅಗ್ಗಕ್ಕೆ ಕೊಟ್ಟರೂ ಕೆರೆಗೆ ಸೇರಿಸಬಾರದು.

3. ಭತ್ತದ ಕೊಯ್ಲು, ಒಕ್ಕಣೆಗಳು ಮುಗಿದ ಮೇಲೆ, ಸಂಕ್ರಾಂತಿಯ ಆಚೀಚೆ ಬೆಳಗಿನ ಹೊತ್ತು ಪಂದ್ಯಕ್ಕೆ ಉತ್ತಮ. ಆಗ ಜನರಿಗೆ ಬಿಡುವಿರುತ್ತದೆ. ತಂಪುನೀರಿನಲ್ಲಿ ಪ್ರಾಣವಾಯು ಹೆಚ್ಚಾಗಿರುವುದರಿಂದ ಬಿಟ್ಟ ಮೀನು ಬದುಕುತ್ತದೆ. ಮೃಗಶಿರಾ ಮಳೆಯಿಂದ ಮೊಟ್ಟೆಯ ಕಾಲ ಮುಗಿಯುವ ವರೆಗೆ ಪಂದ್ಯದ ಮಾತೇ ಬೇಡ.

4. ಒಬ್ಬನಿಗೆ ಒಂದೇ ಕೋಲು, ಒಂದೇ ಗಾಳ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿರಬೇಕು. ಎರೆಹುಳು, ಹಿಟ್ಟಿನ ಉಂಡೆ ಮುಂತಾದವು ಸಲ್ಲುವವು. ಬಲೆ, ವಿಷ, ಸಿಡಿಮದ್ದುಗಳನ್ನು ತಂದವನನ್ನು ಕೂಡಲೆ ಹೊರಹಾಕಬೇಕು. ಸಿಡಿಮದ್ದು ಮತ್ತು ವಿಷಗಳನ್ನು 1897ರ ಮೀನುಗಾರಿಕೆ ಕಾಯಿದೆಯೇ ದಂಡನೀಯವೆಂದು ಸಾರಿತ್ತು.

5. ಸತ್ತ ಮೀನಿನ ರಾಶಿಯನ್ನು ತೂಗಕೂಡದು. ಪ್ರತಿಯೊಬ್ಬನ ಅತಿ ಉದ್ದವಾದ ಮೂರು ಮೀನುಗಳನ್ನು ಒದ್ದೆ ಹಲಗೆಯ ಮೇಲೆ ಅಳೆದು ಲೆಕ್ಕಕ್ಕೆ ಹಿಡಿಯಬೇಕು. ಮೀನು ಸತ್ತರೆ ಅಂಕ ಕಳೆಯಬೇಕು. ಒಣಗೈಯಿಂದ ಹಿಡಿದರೆ ಮೈಯ ಲೋಳೆ ಕಿತ್ತು ಮೀನಿಗೆ ರೋಗ ತಗಲುವುದರಿಂದ ಕೈಯನ್ನು ಒದ್ದೆಮಾಡಿಕೊಂಡೇ ಮುಟ್ಟಬೇಕು; ಕಿವಿರಿಗೆ ಬೆರಳು ಹಾಕಬಾರದು. ಹಿಡಿದವನು ತನ್ನ ಉಸಿರನ್ನು ಎಷ್ಟು ಹೊತ್ತು ಬಿಗಿಹಿಡಿಯಬಲ್ಲನೋ ಅಷ್ಟರೊಳಗೆ ಮೀನು ನೀರಿಗೆ ಮರಳಬೇಕು.

6. ಪಂಚರು ನೆರೆಯೂರಿನವರಾಗಿರಲಿ. ಈಜು ಬಲ್ಲವರಿಬ್ಬರು ಹಗ್ಗದೊಡನೆ ಏರಿಯ ಮೇಲೆ ಕಾದಿರಲಿ. ಏರಿಯ ಮಣ್ಣನ್ನು ಕೆದಕಿ ಹುಳು ತೆಗೆಯಲು ಯಾರಿಗೂ ಬಿಡಬಾರದು.

7. ಯಾವ ಜಾತಿಯ ಮೀನು, ಎಷ್ಟು ಉದ್ದ, ಎಷ್ಟು ಕೋಲುಗಳಿಗೆ ಎಷ್ಟು ಗಂಟೆಗಳಲ್ಲಿ ಎಷ್ಟು ಬಿದ್ದವು ಎಂಬುದನ್ನು ಒಂದು ವಹಿಯಲ್ಲಿ ಬರೆದು ಪಂಚಾಯತಿಯ ದಫ್ತರದಲ್ಲಿ ಇಡಬೇಕು.

ಈ ಕೊನೆಯ ನಿಯಮವೇ ಎಲ್ಲಕ್ಕೂ ಮುಖ್ಯವಾದದ್ದು. ಪಾರಿತೋಷಕವು ಒಬ್ಬನ ಮನೆಗೆ ಹೋಗುವುದು. ವಹಿಯು ಊರಿನ ಸ್ವತ್ತಾಗಿ ಉಳಿಯುವುದು. ಅಷ್ಟೇ ಕೋಲುಗಳಿಗೆ ಅಷ್ಟೇ ಗಂಟೆಗಳಲ್ಲಿ ಬೀಳುವ ಮೀನು ಒಂದು ವರ್ಷ ಇಳಿದರೆ ಕಾರಣವನ್ನು ಹುಡುಕಬೇಕು. ಮರಿಗಳು ಕೋಡಿಯಿಂದ ಹರಿದುಹೋದವೋ, ಹೂಳು ತುಂಬಿತೋ, ಮೇಲಿನ ಹೊಲಗಳಿಗೆ ಹೊಡೆದ ಕೀಟನಾಶಕವು ಮೊದಲ ಮಳೆಗೆ ಕೆರೆಗಿಳಿಯಿತೋ, ರಾತ್ರಿಯಲ್ಲಿ ಯಾರಾದರೂ ಬಲೆ ಬೀಸಿದರೋ ಎಂಬುದು ಆಗ ವಿಚಾರಕ್ಕೆ ಬರುವುದು. ಕೆರೆಯ ಮೀನು ಕೆರೆಯ ಆರೋಗ್ಯದ ಸಾಕ್ಷಿಯು. ಆ ಕೆರೆಯ ನೀರೇ ಗದ್ದೆಗೂ ದನಕರುಗಳಿಗೂ ಆಧಾರವು. ಆದುದರಿಂದ ಕೆರೆಯ ಮೇಲ್ಗಡೆ ಹೊಲವುಳ್ಳ ಭೂಮಾಲಿಕರು ಪಂದ್ಯಕ್ಕೆ ಹಣ ಕೊಟ್ಟು ಹಾರ ಹಾಕಿಸಿಕೊಳ್ಳುವುದಕ್ಕಿಂತ, ತಮ್ಮ ಹೊಲದ ಅಂಚಿಗೆ ಬದು ಹಾಕಿ ಔಷಧದ ನೀರು ಕೆರೆಗಿಳಿಯದಂತೆ ನೋಡಿಕೊಂಡರೆ ಹೆಚ್ಚಿನ ಉಪಕಾರ ಮಾಡಿದಂತಾಗುವುದು.

ಗಣೇಶಗುಡಿಯ ಪ್ರವಾಸಿಗರಿಗೂ ಈ ಕೆರೆಗಳು ದೂರವಲ್ಲ. ಗಾಳದ ಹವ್ಯಾಸವುಳ್ಳವರು ಬಯಲಿಗಿಳಿದು ಹಳ್ಳಿಯ ಪಂದ್ಯದಲ್ಲಿ ಹಣ ಕಟ್ಟಿ ಕೂಡಲಿ. ರೊಟ್ಟಿಯೂಟಕ್ಕೆ ಹಳ್ಳಿಯ ಮನೆಗಳಿಗೆ ಬರಲಿ. ಕಾಳಿಯ ಮಹಶೀರವು ತನ್ನ ಮಡುವಿನಲ್ಲಿ ಇರಲಿ. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಜನರು ಮೀನನ್ನು ದೇವರದೆಂದು ತಿಳಿದು ಮುಟ್ಟದೆ ಉಳಿಸಿಕೊಂಡು ಬಂದಿದ್ದಾರೆ. ಯಾವ ನೀರಿನಲ್ಲಿ ಕೈಯಿಡಬೇಕು, ಯಾವುದರಲ್ಲಿ ಇಡಬಾರದು ಎಂಬ ವಿವೇಕವು ಈ ನಾಡಿಗೆ ಹೊಸದಲ್ಲ. ಬರುವ ಮಳೆಗಾಲಕ್ಕೆ ಮೊದಲು ಪ್ರತಿಯೊಂದು ಪಂಚಾಯತಿಯೂ ತನ್ನ ವ್ಯಾಪ್ತಿಯ ತುಂಬುಗೆರೆಗಳ ಪಟ್ಟಿಯೊಂದನ್ನು ಮಾಡಿ ಮೀನುಮರಿಗಳಿಗೆ ಬೇಡಿಕೆ ಸಲ್ಲಿಸಿದರೆ ಒಳ್ಳೆಯ ಪಂದ್ಯದ ಮೊದಲ ಕೆಲಸವು ಆದಂತೆಯೇ.