ಹಡಗಿಳಿದ ಮೇಲೆ ಊರ ಬಸ್ಸನ್ನೇ ಹತ್ತಿ

ನಮ್ಮ ಡಿಪ್ಲೊಮಾ ಬ್ಯಾಚಿನ ಗೆಳತಿಯೊಬ್ಬಳು ಹೋದ ತಿಂಗಳು ಅಟ್ಲಾಂಟಾದಿಂದ ಫೋನ್ ಮಾಡಿದ್ದಳು. ಮಕ್ಕಳ ರಜೆಗೆ ಕೆರಿಬಿಯನ್ ಕ್ರೂಸ್ ಬುಕ್ ಮಾಡಿದ್ದಾರಂತೆ. ಜಮೈಕಾ, ಗ್ರ್ಯಾಂಡ್ ಕೇಮನ್, ಮೆಕ್ಸಿಕೋದ ಕೊಜುಮೆಲ್, ಕೊನೆಗೆ ಬಹಾಮಾಸ್‌ನಲ್ಲಿ ಕಂಪನಿಯದೇ ಒಂದು ದ್ವೀಪ. "ನಿನ್ನ ಚಿಕ್ಕಮ್ಮನ ಮಗ ಹಡಗಲ್ಲಿದ್ದಾನಲ್ಲ, ಅವನನ್ನು ಕೇಳಿ ಹೇಳು ಮಾರಾಯ. ಮಕ್ಕಳಿಗೆ ಸ್ನಾರ್ಕ್ಲಿಂಗ್ ಮಾಡಿಸಬೇಕು, ಆದರೆ ಆ ಜಾತ್ರೆಯಲ್ಲಿ ಬೇಡ" ಅಂದಳು.

ನಾನು ಕೆರಿಬಿಯನ್ ನೋಡಿದವನಲ್ಲ. ಮುಖಕ್ಕೆ ಮಾಸ್ಕ್ ಹಾಕಿ ನೀರಿಗಿಳಿದದ್ದು ಒಮ್ಮೆ ಮಾತ್ರ. ಮುರ್ಡೇಶ್ವರದಿಂದ ನೇತ್ರಾಣಿಗೆ ವರದಿಗೆಂದು ಹೋದಾಗ ಇಳಿದು, ಎರಡೇ ನಿಮಿಷಕ್ಕೆ ಉಪ್ಪುನೀರು ಕುಡಿದು ದೋಣಿ ಹತ್ತಿದ್ದೆ. ಆದರೆ ತಮ್ಮ ಎಂಟು ವರ್ಷದಿಂದ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿದ್ದಾನೆ. ನಮ್ಮ ಕರಾವಳಿಯಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಇಂಥ ಹುಡುಗರಿರುವ ಮನೆಗಳಿಗೆ ಬರವಿಲ್ಲ. ಬಂದರಿನಲ್ಲಿ ಮೂರು ತಾಸು ಬಿಡುವು ಸಿಕ್ಕರೆ, ಕೈಯಲ್ಲಿ ಹತ್ತು ಡಾಲರ್ ಇಟ್ಟುಕೊಂಡು ಒಳ್ಳೆಯ ನೀರು ಹುಡುಕಿ ಈಜಿ, ಡ್ಯೂಟಿಗೆ ವಾಪಸ್ ಬರುವ ವಿದ್ಯೆ ಇವರಿಗೆ ಗೊತ್ತು. ಸಾವಿರಾರು ಡಾಲರ್ ಕೊಟ್ಟು ಬಂದ ಪ್ರಯಾಣಿಕರಿಗೆ ಗೊತ್ತಿರುವುದಿಲ್ಲ. ನನ್ನ ಅಭಿಪ್ರಾಯ ಶುರುವಾಗುವುದೇ ಇಲ್ಲಿಂದ. ಬಂದರಿನಲ್ಲಿ ಸ್ನಾರ್ಕ್ಲಿಂಗ್ ಮಾಡುವ ಆಸೆಯಿದ್ದರೆ ಹಡಗಿನವರ ಟೂರ್ ಬಿಡಿ, ಸಿಬ್ಬಂದಿ ಮತ್ತು ಊರವರು ಹೋಗುವ ಕಡೆ ಹೋಗಿ.

ತಮ್ಮನಿಗೆ ಇಷ್ಟವಾದದ್ದು ಬಾರ್ಬಡೋಸ್. ಬಂದರಿನ ಹತ್ತಿರವೇ ಬ್ರಿಡ್ಜ್‌ಟೌನಿನ ಕೆನ್ಸಿಂಗ್ಟನ್ ಓವಲ್. 2024ರ ಜೂನ್ 29ರಂದು ನಮ್ಮ ದ್ರಾವಿಡ್ ಕೋಚ್ ಆಗಿದ್ದ ತಂಡ ಟಿ20 ವಿಶ್ವಕಪ್ ಗೆದ್ದ ಮೈದಾನ. ಅದನ್ನು ನೋಡಿಕೊಂಡು ಊರು ದಾಟಿದರೆ ಕಾರ್ಲೈಲ್ ಬೇ. ತೀರದಿಂದ ಈಜಿಯೇ ತಲುಪಬಹುದಾದಷ್ಟು ದೂರದಲ್ಲಿ, ಆಳವಿಲ್ಲದ ನೀರಿನಲ್ಲಿ ಹಳೆಯ ಮುಳುಗಿದ ಹಡಗುಗಳಿವೆ. ಅವುಗಳ ಸುತ್ತ ಮೀನು, ಕಡಲಾಮೆ. ಟೂರ್ ದೋಣಿಗಳು ಜನರನ್ನು ತಂದಿಳಿಸುವುದೂ ಇಲ್ಲಿಗೇ. ದೋಣಿ ಬರುವ ಮೊದಲು ಹೋದವನಿಗೆ ಕೊಲ್ಲಿ ಖಾಲಿ. ಇನ್ನೂ ದೂರ ಹೋಗಬೇಕೆಂದರೆ ನಂಬರ್ ಪ್ಲೇಟಿನಲ್ಲಿ 'ಝಡ್‌ಆರ್' ಎಂದಿರುವ ಬಿಳಿ ವ್ಯಾನುಗಳಿವೆ. ನಮ್ಮ ಟೆಂಪೋಗಳ ಹಾಗೆಯೇ ಹಾಡು ಜೋರು, ಸೀಟು ಇಕ್ಕಟ್ಟು. ಬಸ್ ಸ್ಟಾಪಿನ ಬೋರ್ಡಿನಲ್ಲಿ 'ಪೇಟೆಗೆ', 'ಪೇಟೆಯಿಂದ ಹೊರಗೆ' ಎಂದು ಎರಡೇ ಬರಹ. ದಾರಿ ತಪ್ಪುವುದು ಕಷ್ಟ. ಅಲ್ಲಿ ಬೀಚುಗಳೆಲ್ಲ ಸಾರ್ವಜನಿಕ. ಎಷ್ಟು ದೊಡ್ಡ ಹೋಟೆಲಿನ ಎದುರಿದ್ದರೂ ಮರಳಿನ ಮೇಲೆ ಟವೆಲ್ ಹಾಸುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಹುಡುಕುವ ಬಗೆಯನ್ನು ಅವನು ಹೇಳಿದ ಹಾಗೇ ಬರೆಯುತ್ತೇನೆ. ಕೆರಿಬಿಯನ್‌ನಲ್ಲಿ ವರ್ಷದ ಹೆಚ್ಚಿನ ಕಾಲ ಗಾಳಿ ಪೂರ್ವದಿಂದ ಬೀಸುತ್ತದೆ. ಪೂರ್ವದ ದಂಡೆಯಲ್ಲಿ ಅಲೆ ಜಾಸ್ತಿ, ತೇಲಿ ಬಂದ ಸರ್ಗಾಸಂ ಪಾಚಿಯ ರಾಶಿಯೂ ಜಾಸ್ತಿ. ಹಾಗಾಗಿ ಪಶ್ಚಿಮದ ಕಡೆ ನೋಡಬೇಕು. ಉದ್ದನೆಯ ಬಿಳಿ ಮರಳು ಫೋಟೋಕ್ಕೆ ಚಂದ, ಅದರ ನಡುವೆ ಮೀನಿರುವುದಿಲ್ಲ. ಮರಳು ಮುಗಿದು ಕಲ್ಲು ಶುರುವಾಗುವ ತುದಿಗೆ ಹೋಗಬೇಕು. ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ತೀರದ ಹತ್ತಿರ ಕಪ್ಪು ಮಚ್ಚೆಗಳು ಕಂಡರೆ ಅಲ್ಲಿ ಹವಳವೋ ಕಡಲ ಹುಲ್ಲೋ ಇರುತ್ತದೆ. ಮೀನುದೋಣಿ ಎಳೆದಿಟ್ಟ ಚಿಕ್ಕ ಕೊಲ್ಲಿ ಕಂಡರೆ ಬಿಡಬಾರದು. ಕುರಸಾವ್‌ನ ಪಶ್ಚಿಮ ತುದಿಯ ಪ್ಲಾಯಾ ಪಿಸ್ಕಾಡೋದಲ್ಲಿ ಮೀನುಗಾರರು ಮೀನು ಕೊಯ್ದು ಎಸೆಯುವ ತುಣುಕಿಗೆ ಆಮೆಗಳು ಬರುತ್ತವೆ. ಆದರೆ ಬಂದರಿನಿಂದ ಬಸ್ಸಲ್ಲಿ ತಾಸಿಗೂ ಹೆಚ್ಚು. ಬೊನೇರ್‌ನಲ್ಲಿ ಅಷ್ಟು ಹುಡುಕುವುದೂ ಬೇಡ. ಆ ದ್ವೀಪದ ಸುತ್ತಲಿನ ಕಡಲು 1979ರಿಂದ ಸಂರಕ್ಷಿತ ಸಾಗರ ಉದ್ಯಾನ. ನೀರಿಗಿಳಿಯುವ ಜಾಗ ತೋರಿಸಲು ರಸ್ತೆ ಬದಿಯಲ್ಲಿ ಹೆಸರು ಬರೆದ ಹಳದಿ ಕಲ್ಲು ಇಟ್ಟಿದ್ದಾರೆ. ಪ್ರಕೃತಿ ಶುಲ್ಕ ಕಟ್ಟಿ ಇಳಿಯುವುದಷ್ಟೇ.

ಎಲ್ಲಕ್ಕಿಂತ ಮೊದಲು ಅವತ್ತು ಬಂದರಿಗೆ ಎಷ್ಟು ಹಡಗು ಬರುತ್ತವೆ ಎಂದು ನೋಡಿಕೊಳ್ಳಬೇಕು. ಒಂದೇ ಇದ್ದರೆ ಎಲ್ಲಿ ಹೋದರೂ ನೆಮ್ಮದಿ. ಐದಿದ್ದರೆ ಬೇಗ ಇಳಿಯಬೇಕು.

ಗೆಳತಿಯ ದಾರಿಯಲ್ಲಿ ಸುಲಭದ್ದು ಗ್ರ್ಯಾಂಡ್ ಕೇಮನ್. ಜಾರ್ಜ್‌ಟೌನಿನಿಂದ ದಕ್ಷಿಣಕ್ಕೆ ಅರ್ಧ ಮುಕ್ಕಾಲು ತಾಸು ನಡೆದರೆ ಸ್ಮಿತ್ ಕೋವ್. ಎರಡೂ ಕಡೆ ಕಲ್ಲು, ನಡುವೆ ಸಣ್ಣ ಮರಳು, ಮರದ ನೆರಳು. ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ. ಉತ್ತರಕ್ಕೆ ಸೆಮೆಟರಿ ಬೀಚ್. ಹೆಸರು ಕೇಳಿ ಹೆದರಬೇಕಿಲ್ಲ, ಹಿಂದೆ ನಿಜಕ್ಕೂ ಸ್ಮಶಾನವಿದೆ, ಎದುರು ಹವಳದ ದಿಬ್ಬ. ಆ ಕಡೆಗೆ ಪೇಟೆಯಿಂದ ಮಿನಿಬಸ್ ಸಿಗುತ್ತದೆ. ಹಡಗು ಕಟ್ಟುವ ಧಕ್ಕೆ ಆ ಊರಿನಲ್ಲಿಲ್ಲ, ಸಣ್ಣ ದೋಣಿಯಲ್ಲಿ ದಡಕ್ಕೆ ತರುತ್ತಾರೆ. ಧಕ್ಕೆ ಕಟ್ಟಬೇಕೇ ಎಂದು 2025ರ ಏಪ್ರಿಲ್‌ನಲ್ಲಿ ಜನಮತ ಕೇಳಿದಾಗ ಊರವರು ಬೇಡ ಎಂದರು. ಅಂಥ ಊರಲ್ಲಿ ಬೀಚ್ ಉಳಿದಿರುವುದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ.

ಜಮೈಕಾದ ಕಥೆ ಬೇರೆ. ಅಲ್ಲಿ ಇನ್ನೂ ನಡೆಯುತ್ತಿರುವುದು ಬ್ರಿಟಿಷರ ಕಾಲದ 1956ರ ಬೀಚ್ ಕಂಟ್ರೋಲ್ ಆಕ್ಟ್. ದಂಡೆ ಸರ್ಕಾರದ್ದು, ಅಲ್ಲಿ ಸ್ನಾನ ಮಾಡುವ, ಈಜುವ ಸಾಮಾನ್ಯ ಹಕ್ಕು ಜನರಿಗಿಲ್ಲ. ಹೋಟೆಲಿನವರು ಪರವಾನಗಿ ಪಡೆದು ಬೇಲಿ ಹಾಕಿದರೆ, ಅಜ್ಜನ ಕಾಲದಿಂದ ದೋಣಿ ಇಳಿಸುತ್ತಿದ್ದವನೂ ಹೊರಗೆ. ಓಚೊ ರಿಯೋಸ್ ಹತ್ತಿರದ ಮಮ್ಮೀ ಬೇ ಸೇರಿ ಕೆಲವು ಊರಿನವರು ಕೋರ್ಟ್ ಮೆಟ್ಟಿಲೇರಿದ್ದಾರೆ. ಅಲ್ಲಿ 'ನಿಶ್ಶಬ್ದ ಬೀಚ್' ಎಂದು ತೋರಿಸುವ ಜಾಗ ಎಷ್ಟೋ ಸಲ ನಿಶ್ಶಬ್ದವಾಗಿರುವುದು ಊರವರನ್ನು ಹೊರಗಿಟ್ಟದ್ದರಿಂದ. ಮೀನುಪೇಟೆಯ ಸುದ್ದಿ ಬರೆದು ಬದುಕುವ ನನಗೆ ಅಂಥ ಶಾಂತಿಯಲ್ಲಿ ಈಜಿ ಎಂದು ಹೇಳಲು ಬಾಯಿ ಬರಲಿಲ್ಲ. ಊರವರು ಸಣ್ಣ ಟಿಕೆಟ್ ಕೊಟ್ಟು ಹೋಗುವ ಬೀಚಿಗೆ ಹೋಗು, ಗಲಾಟೆಯಿದ್ದರೂ ಇರಲಿ, ಅಲ್ಲೇ ಮೀನೂಟ ಮಾಡು ಅಂದೆ.

ಹಡಗಿನ ಟೂರಿನ ಪರವಾಗಿಯೂ ಒಂದು ಮಾತಿದೆ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಬಸ್ಸು ತಡವಾದರೆ ಕಾಯುವುದಿಲ್ಲ. ಮೊಬೈಲು ದಡದ ಸಿಗ್ನಲ್ ಹಿಡಿದು ತಾನಾಗಿಯೇ ಗಂಟೆ ಬದಲಿಸುತ್ತದೆ, ಹಡಗು ನಡೆಯುವುದು ಹಡಗಿನ ಗಂಟೆಯ ಮೇಲೆ. ಕೈಗಡಿಯಾರ ಕಟ್ಟಿಕೊಂಡು, ಕೊನೆಯ ಹೊತ್ತಿಗೆ ಎರಡು ತಾಸು ಮೊದಲೇ ವಾಪಸ್ ಹೊರಡುವುದು ತಮ್ಮನ ನಿಯಮ. ಇನ್ನೊಂದು, ಯಾರೂ ಇಲ್ಲದ ಬೀಚಿನಲ್ಲಿ ಜೀವರಕ್ಷಕನೂ ಇರುವುದಿಲ್ಲ. ಕೊಜುಮೆಲ್‌ನಲ್ಲಿ ದಂಡೆಗುಂಟ ಹರಿಯುವ ಸೆಳವು ಬಲವಾಗಿದೆ. ಮಕ್ಕಳಿದ್ದರೆ ಅಲ್ಲಿ ಟ್ಯಾಕ್ಸಿ ಮಾಡಿ, ಜೀವರಕ್ಷಕರಿರುವ ಬೀಚ್ ಕ್ಲಬ್‌ಗೇ ಹೋಗುವುದು ಒಳ್ಳೆಯದು. ಮಾಸ್ಕನ್ನು ಸೊಂಟ ಮಟ್ಟದ ನೀರಿನಲ್ಲಿ ನಿಂತು ಮೊದಲು ಅಭ್ಯಾಸ ಮಾಡಬೇಕು. ಇದು ನನ್ನ ಅನುಭವದ ಮಾತು!

ಬ್ರೋಶರಿನ ಬಣ್ಣ ನೀರಿನಡಿ ಸಿಗುತ್ತದೆ ಎಂದೂ ನಂಬಬೇಡಿ. 2023ರ ಬಿಸಿಗೆ ಕೆರಿಬಿಯನ್ ಹವಳ ಬಿಳುಚಿಕೊಂಡು ಬಹಳಷ್ಟು ಸತ್ತಿದೆ. ಉಳಿದದ್ದರ ಮೇಲೆ ಕಾಲಿಡದಿದ್ದರೆ ಸಾಕು. ಸನ್‌ಸ್ಕ್ರೀನ್ ಬದಲು ತುಂಬುತೋಳಿನ ಟೀ ಶರ್ಟ್ ಹಾಕಿ.

"ನೀನು ಹೀಗೆ ಬರೆದರೆ ಅಲ್ಲೂ ಜನ ತುಂಬುತ್ತಾರೆ" ಎಂದು ತಮ್ಮನೇ ಹೇಳಿದ. ಇರಬಹುದು. ಆದರೆ ನನಗೆ ಹೆದರಿಕೆ ಬಸ್ಸಿನಲ್ಲಿ ಬರುವ ನಾಲ್ಕು ಜನರದ್ದಲ್ಲ. ಹಡಗಿನ ಕಂಪನಿಗಳು ಊರನ್ನೇ ಬಿಟ್ಟು ಸ್ವಂತ ದಂಡೆ ಮಾಡಿಕೊಳ್ಳುತ್ತಿವೆ. ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ 1977ರಿಂದಲೇ ಒಂದು ಕಂಪನಿಯ ಕೈಯಲ್ಲಿದೆ. 2025ರ ಜುಲೈಯಲ್ಲಿ ಗ್ರ್ಯಾಂಡ್ ಬಹಾಮಾದಲ್ಲಿ ಸೆಲೆಬ್ರೇಶನ್ ಕೀ ಎಂಬ ಇನ್ನೊಂದು ಶುರುವಾಯಿತು. ಇಂಥ ಕಡೆ ಹಡಗು ಒಂದು ದಿನ ನಿಂತರೆ, ಯಾವುದೋ ಊರಿನ ವ್ಯಾನಿನವನಿಗೆ, ಮೀನು ಹುರಿಯುವವಳಿಗೆ ಆ ದಿನದ ದುಡಿಮೆ ಇಲ್ಲ.

ಗೆಳತಿ ಡಿಸೆಂಬರಿನಲ್ಲಿ ಹೊರಡುತ್ತಾಳೆ. ಮೂರು ಬಂದರಿಗೆ ಬರೆದು ಕಳಿಸಿದೆ. ಕೊನೆಯದಕ್ಕೆ ಏನು ಹೇಳಲಿ ಎಂದು ತಮ್ಮನಿಗೆ ಮೆಸೇಜ್ ಹಾಕಿದ್ದೆ. ಎರಡು ದಿನ ಬಿಟ್ಟು ಉತ್ತರ ಬಂತು. "ಅಲ್ಲಿ ಬಸ್ಸಿಲ್ಲ ಅಣ್ಣ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಇಳಿಯಲು ಹೇಳು."